ಹಾರ್ಡ್‌ಟೇಲ್ ಮೇಲೆ ಹೊರಿಸಿದ ತಪ್ಪು

ನಾನು ಒಂದೂವರೆ ಇಂಚು ಕುಳ್ಳಗಾಗಿದ್ದೇನೆ. ವಯಸ್ಸಾದ ಮೇಲೆ ಎಲ್ಲರೂ ಸ್ವಲ್ಪ ಕುಗ್ಗುತ್ತಾರೆ ಎಂದು ಸಮಾಧಾನ ಹೇಳುವವರಿಗೇನೂ ಕೊರತೆಯಿಲ್ಲ. ಆದರೆ ನಾನು ಕುಗ್ಗಿದ್ದು ಅರವತ್ತಾರನೆಯ ವಯಸ್ಸಿನಲ್ಲಿ, ಒಂದೇ ವಾರದಲ್ಲಿ. ಸೊಂಟದ ಮೇಲಿನ ಒಂದು ಮೂಳೆ ತುಳಿದ ಬೆಂಕಿಪೊಟ್ಟಣದ ಹಾಗೆ ಚಪ್ಪಟೆಯಾಯಿತು. ಲಂಗಗಳನ್ನೆಲ್ಲ ಕೆಳಗೆ ಮಡಿಸಿ ಹೊಲಿಸಬೇಕಾಯಿತು. ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿರುವ ಕಾಫಿಪುಡಿ ಡಬ್ಬ ಈಗ ಕೈಗೆ ಎಟುಕುವುದಿಲ್ಲ.

ಆಸ್ಪತ್ರೆಯ ವೆಯ್ಟಿಂಗ್ ರೂಮಿನಲ್ಲಿ ನನ್ನ ಹಾಗೆ ಬೆನ್ನಿಗೆ ಬೆಲ್ಟ್ ಬಿಗಿದುಕೊಂಡು ಕೂತ ಎಷ್ಟೋ ಹೆಂಗಸರನ್ನು ಕಂಡೆ. ಪ್ರತಿಯೊಬ್ಬರ ಹತ್ತಿರವೂ ಒಬ್ಬ ಅಪರಾಧಿ ಇದ್ದ. ಒಬ್ಬರಿಗೆ ನೀರಿನ ಬಕೆಟ್ಟು, ಒಬ್ಬರಿಗೆ ಎತ್ತಿಕೊಂಡ ಮೊಮ್ಮಗು, ಇನ್ನೊಬ್ಬರಿಗೆ ಹಂಪ್ ನೋಡದೆ ಹಾರಿಸಿದ ಬಸ್ ಡ್ರೈವರ್. ನನ್ನ ಫೈಲಿನಲ್ಲಿ ಬರೆದಿದ್ದ ಅಪರಾಧಿ ನನ್ನ ಸೈಕಲ್ಲು. ಅದು ಸುಳ್ಳು. ಆ ಸುಳ್ಳನ್ನು ಹನ್ನೊಂದು ತಿಂಗಳು ಕಾಪಾಡಿಕೊಂಡು ಬಂದೆ. ಅಂಥದ್ದೇ ಏನನ್ನೋ ಡಾಕ್ಟರಿಂದ ಮುಚ್ಚಿಟ್ಟುಕೊಂಡು ಇವತ್ತು ಆ ಕುರ್ಚಿಗಳ ಮೇಲೆ ಯಾರಾದರೂ ಕೂತಿದ್ದರೆ, ಇದು ಅವರಿಗಾಗಿ.

ನಂಜನಗೂಡಿನ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಇಂಗ್ಲಿಷ್ ಪಾಠ ಮಾಡಿದವಳು ನಾನು. ಸೈಕಲ್ ಕಲಿತದ್ದು ಮೈಸೂರಿನ ಕಾನ್ವೆಂಟಿನಲ್ಲಿ, ಒಬ್ಬ ಐರಿಷ್ ಸಿಸ್ಟರ್ ಹತ್ತಿರ. ಹುಡುಗಿಯರು ಕಾಂಪೌಂಡಿನೊಳಗೆ ಮಾತ್ರ ಓಡಿಸಬೇಕು ಎಂದು ರೂಲ್ಸು. ಆ ಗೇಟಿನಾಚೆ ಸೈಕಲ್ ತೆಗೆದುಕೊಂಡು ಹೋಗುವ ಆಸೆ ನನಗೆ ರಿಟೈರ್ ಆಗುವವರೆಗೂ ಪೂರ್ತಿ ತೀರಿರಲಿಲ್ಲ. ರಿಟೈರಾದ ಮೇಲೆ ಹಳೆಯ ಲೇಡೀಸ್ ಸೈಕಲ್ಲಿನಲ್ಲಿ ನಾಲೆ ಏರಿಯ ಮೇಲೆ ಹೋಗಲು ಶುರುಮಾಡಿದೆ. ಒಂದು ಕಡೆ ನೀರು, ಒಂದು ಕಡೆ ಕಬ್ಬು. ಟ್ರಾಕ್ಟರ್ ಚಕ್ರದ ಹಳ್ಳಗಳು, ಮಳೆಗೆ ಕೊರೆದುಹೋದ ಸೀಳುಗಳು, ಮೇಲೆದ್ದ ಕಲ್ಲುಗಳು. ಎರಡೇ ತಿಂಗಳಿಗೆ ಹಿಂದಿನ ರಿಮ್ಮು ಸೊಟ್ಟಗಾಯಿತು.

ಮೈಸೂರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸೈಕಲ್ ಅಂಗಡಿ ಇಟ್ಟಿದ್ದ. ಎರಡು ಮೌಂಟನ್ ಬೈಕ್ ಮುಂದೆ ನಿಲ್ಲಿಸಿ, ಪರೀಕ್ಷೆಗೆ ಬಂದವನ ಹಾಗೆ ಕೈಕಟ್ಟಿಕೊಂಡು ವಿವರಿಸಿದ.

“ಮೇಡಂ, ಇದು ಹಾರ್ಡ್‌ಟೇಲ್. ಮುಂದಿನ ಫೋರ್ಕಲ್ಲಿ ಮಾತ್ರ ಶಾಕ್, ಅಂದ್ರೆ ಸ್ಪ್ರಿಂಗ್ ಇರುತ್ತೆ, ಹಿಂದೆ ಗಟ್ಟಿ. ಇದು ಫುಲ್ ಸಸ್ಪೆನ್ಷನ್, ಹಿಂದಿನ ಚಕ್ರಕ್ಕೂ ಶಾಕ್ ಇದೆ. ಕಲ್ಲು ಹತ್ತಿ ಇಳಿದ್ರೂ ಸೊಂಟಕ್ಕೆ ಗೊತ್ತೇ ಆಗಲ್ಲ.”

“ಗೊತ್ತೇ ಆಗ್ದಿದ್ರೆ ನಾಲೆ ಏರಿಗೆ ಯಾಕಪ್ಪ ಹೋಗ್ಬೇಕು? ಸೋಫಾ ಮೇಲೆ ಕೂತ್ರೆ ಸಾಲದಾ?”

“ಅಲ್ಲ ಮೇಡಂ, ನಿಮ್ಮ ವಯಸ್ಸಿಗೆ…”

“ನನ್ನ ವಯಸ್ಸು ಬಿಡು. ಯಾವುದು ಹಗುರ, ಅದು ಹೇಳು.”

ಹಗುರವಾದದ್ದು ಹಾರ್ಡ್‌ಟೇಲ್. ಆದರೂ ಒಂದು ತಿಂಗಳು ಯೋಚಿಸಿದೆ. ಮೂರು ಸಲ ಹೋಗಿ ಎರಡನ್ನೂ ಓಡಿಸಿ ನೋಡಿದೆ. ಫುಲ್ ಸಸ್ಪೆನ್ಷನ್ ಏರಿನಲ್ಲಿ ತುಳಿದಷ್ಟೂ ಸೀಟಿನಡಿ ಮೇಲೆ ಕೆಳಗೆ ಆಡುತ್ತಿತ್ತು, ತುಳಿದ ಶಕ್ತಿ ಅರ್ಧ ಅದಕ್ಕೇ ಹೋಗುತ್ತಿತ್ತು. ಆ ಹಿಂದಿನ ಶಾಕ್ ಕೆಟ್ಟರೆ ನಂಜನಗೂಡಿನಲ್ಲಿ ಮುಟ್ಟುವವರು ಯಾರು? ತೂಬಿನ ಹತ್ತಿರ ಸೈಕಲ್ ಎತ್ತಿ ಆಚೆ ಇಡಬೇಕು, ಹಾರ್ಡ್‌ಟೇಲ್ ಆದರೆ ನಾನೊಬ್ಬಳೇ ಎತ್ತಬಲ್ಲೆ. ನಮ್ಮ ಯಜಮಾನರನ್ನು ಕೇಳಿದರೆ, “ಎರಡೂ ಒಂದೇ ಥರ ಕಾಣ್ತಾವೆ. ಬಣ್ಣ ನೋಡಿ ತಗೋ” ಎಂದರು. ಕೃಷಿ ಇಲಾಖೆಯಲ್ಲಿದ್ದವರು, ಪಂಪ್‌ಸೆಟ್ಟಿನ ಬಗ್ಗೆ ಕೇಳಿದ್ದರೆ ಒಂದು ಗಂಟೆ ಹೇಳುತ್ತಿದ್ದರು. ಅವರ ಈ ಮಾತನ್ನು ಇಲ್ಲಿ ಬರೆದಿಡುತ್ತಿದ್ದೇನೆ, ಯಾಕೆಂದರೆ ಆಮೇಲೆ ಅದು ಬೇರೆಯೇ ಮಾತಾಯಿತು.

ನಾನು ಹಾರ್ಡ್‌ಟೇಲ್ ಕೊಂಡೆ. ಹಿಂದೆ ಗಟ್ಟಿ ಇರುವ ಸೈಕಲ್ ನಮಗೆ ಪಾಠ ಕಲಿಸುತ್ತದೆ. ಹಳ್ಳ ಬಂದಾಗ ಪೆಡಲ್ ಮೇಲೆ ಎದ್ದು ನಿಲ್ಲಬೇಕು, ಮಂಡಿ ಮಡಿಸಬೇಕು, ಯಾವ ಕಲ್ಲನ್ನು ಹತ್ತಿಸಬೇಕು, ಯಾವುದನ್ನು ಬಿಡಬೇಕು ಎಂದು ಹತ್ತು ಮಾರು ಮುಂಚೆಯೇ ನೋಡಿಕೊಳ್ಳಬೇಕು. ನಾಲ್ಕು ವರ್ಷ ಹಾಗೆ ಓಡಿಸಿದೆ, ಒಂದು ಸಲವೂ ಬೀಳಲಿಲ್ಲ. ತಿಂಗಳಿಗೊಂದು ಭಾನುವಾರ ಏರಿ ಮೇಲೆ, ಹೊಲದ ದಾರಿಗಳಲ್ಲಿ ಟಿ. ನರಸೀಪುರದವರೆಗೂ ಹೋಗುತ್ತಿದ್ದೆ. ಅಲ್ಲಿ ನನ್ನ ನಾದಿನಿ ನೀಲಾ ಒಬ್ಬಳೇ ಇದ್ದಾಳೆ. ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದು, ಎರಡು ಲೋಟ ಕಾಫಿ ಕುಡಿದು, ಬಿಸಿಲು ಇಳಿದ ಮೇಲೆ ವಾಪಸ್.

ನೀಲಾಳ ಕಾಲಿನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಯಜಮಾನರ ಒಬ್ಬಳೇ ತಂಗಿ ಅವಳು. ಹುಟ್ಟುವಾಗ ಕಾಲು ಮುಂದಾಗಿ ಹುಟ್ಟಿದಳು. ಹೆರಿಗೆ ಕಷ್ಟವಾಗಿ ಹನ್ನೊಂದನೆಯ ದಿನ ತಾಯಿ ತೀರಿಕೊಂಡರು. ನಮ್ಮವರಿಗೆ ಆಗ ಆರು ವರ್ಷ. ಅವ್ವನನ್ನು ತಿಂದುಕೊಂಡವಳು ಎಂಬ ಮಾತನ್ನು ಕೇಳಿಕೊಂಡೇ ಅವಳು ಬೆಳೆದದ್ದು. ಅವಳ ಹದಿನೈದನೆಯ ವಯಸ್ಸಿನಲ್ಲಿ ಪಕ್ಕದ ಮನೆಯ ರೈತನೊಬ್ಬನಿಗೆ ಬೆನ್ನು ಉಳುಕಿ ಏಳಲಾರದೆ ಬಿದ್ದಿದ್ದಾಗ, ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಉಳುಕು ಬಿಡುತ್ತದೆ ಎಂದು ಯಾರೋ ಅವಳನ್ನು ಕರೆದುಕೊಂಡು ಹೋದರಂತೆ. ಒದ್ದಳು. ಅವನು ಎದ್ದು ಓಡಾಡಿದನಂತೆ. ಅಂದಿನಿಂದ ಮನೆಯವರು ಕರೆಯುವಾಗ ಇದ್ದ ದನಿಯೇ ಬದಲಾಯಿತು ಎಂದು ಅವಳೇ ನನಗೆ ಹೇಳಿದ್ದಾಳೆ. ಮದುವೆಯಾಗಿ ನರಸೀಪುರಕ್ಕೆ ಬಂದಾಗ ಆ ಕಾಲಿನ ಹೆಸರೂ ಹಿಂದೆಯೇ ಬಂತು. ಭಾನುವಾರ ಬೆಳಿಗ್ಗೆ ಅವಳ ಮನೆಯ ಜಗಲಿಯ ಮೇಲೆ ಸೊಂಟ ಹಿಡಿದುಕೊಂಡವರು ಕೂತಿರುತ್ತಿದ್ದರು. ಎಲೆ ಅಡಿಕೆ ಬಿಟ್ಟು ಏನನ್ನೂ ಅವಳು ಮುಟ್ಟುತ್ತಿರಲಿಲ್ಲ.

ನಾನು ನಲವತ್ತು ವರ್ಷ ಅದನ್ನು ಗೇಲಿ ಮಾಡಿದವಳು. “ಏನು ಡಾಕ್ಟರಮ್ಮ, ಇವತ್ತು ಎಷ್ಟು ಪೇಷಂಟ್ಸು?” ಎನ್ನುತ್ತಿದ್ದೆ. ಅವಳು ನಗುತ್ತಿದ್ದಳು. “ನಗಿ ಅತ್ಗೆ, ನಗಿ. ನಿಮ್ಗೂ ಒಂದ್ ದಿನ ಉಳುಕ್ತದೆ. ಆಗ ನಿಮ್ಮ ಸಿಸ್ಟರ್‌ನ ಕರ್ಸ್ಕಳಿ.”

ಉಳುಕಿತು. ಶಿವರಾತ್ರಿ ಕಳೆದ ಮೇಲೆ ಶುರುವಾದ ನೋವು, ಸೊಂಟದ ಮೇಲೆ ಒಂದು ಗೇಣಿನಷ್ಟು ಜಾಗದಲ್ಲಿ. ಮೂರು ವಾರ ಬಾಮ್ ಹಚ್ಚಿದೆ, ಬಿಸಿನೀರಿನ ಶಾಖ ಕೊಟ್ಟೆ, ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿದೆ. ಸೈಕಲ್ ಮುಟ್ಟಲಿಲ್ಲ. ನಾಲ್ಕನೆಯ ಭಾನುವಾರ ಬಸ್ಸಿನಲ್ಲಿ ನೀಲಾಳ ಮನೆಗೆ ಹೋದೆ. ನಾನು ಚಪ್ಪಲಿ ಬಿಡುವಾಗ ಗೋಡೆ ಹಿಡಿದುಕೊಂಡದ್ದನ್ನು ನೋಡಿ ಅವಳು ಚಾಪೆ ಹಾಸಿದಳು.

“ಮಲ್ಕಳಿ ಅತ್ಗೆ.”

ಮಲಗಿದೆ. ತಲೆ ಹೊಸ್ತಿಲ ಕಡೆಗೆ, ಬೋರಲು. ಕಾನ್ವೆಂಟಿನಲ್ಲಿ ಓದಿದವಳು, ಮಕ್ಕಳಿಗೆ ಸೂಪರ್‌ಸ್ಟಿಷನ್ ಎಂಬ ಪದದ ಸ್ಪೆಲ್ಲಿಂಗ್ ಕಲಿಸಿದವಳು. ಮೂರು ವಾರ ಬೆನ್ನು ನೋವಾದರೆ ಓದು ಎಷ್ಟು ದೂರ ಹೋಗುತ್ತದೆ ಎಂಬುದು ನೋಯುವವರಿಗೇ ಗೊತ್ತು. ನೀಲಾ ಹಿಮ್ಮಡಿಗೆ ಎಣ್ಣೆ ಸವರಿಕೊಂಡು ಭುಜದಿಂದ ಸೊಂಟದವರೆಗೆ ನಿಧಾನವಾಗಿ ಎಳೆದಳು. ಹಿತವಾಗಿತ್ತು, ಸುಳ್ಳು ಹೇಳಬಾರದು. ಎರಡನೆಯ ಸಲ ಇನ್ನೂ ಹಿತ. ಮೂರನೆಯದಕ್ಕೆ ಪದ್ಧತಿಯ ಪ್ರಕಾರ ಒಂದು ಸಣ್ಣ ಒದೆ. ಒಳಗೆ ಏನೋ ಕುಸಿಯಿತು. ಉಸಿರು ಬಾಯಿಂದಲೇ ಹೊರಗೆ ಹೋಯಿತು, ಒಳಗೆ ಬರಲಿಲ್ಲ.

“ಬುಡ್ತು ನೋಡಿ!” ಎಂದಳು ನೀಲಾ, ಖುಷಿಯಿಂದ.

ನಾನು ಏಳಲಿಲ್ಲ. ಅವಳ ಮುಖ ಬದಲಾದದ್ದು ಕಾಣಲಿಲ್ಲ, ಅವಳ ಕಾಲು ಹಿಂದೆ ಸರಿದದ್ದು ಕಾಣಿಸಿತು.

ಮಾರನೆಯ ದಿನ ಮೈಸೂರಿನ ಆಸ್ಪತ್ರೆ. ಸ್ಕ್ಯಾನ್ ಮುಗಿಸಿ ಡಾಕ್ಟರ ಕೋಣೆಗೆ ವೀಲ್‌ಚೇರಿನಲ್ಲಿ ತಳ್ಳಿಕೊಂಡು ಹೋದರು. ಒಂದು ಪಕ್ಕ ಯಜಮಾನರು, ಒಂದು ಪಕ್ಕ ನೀಲಾ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೂಳೆ ಸವೆದಿದೆ, ಒಂದು ಮುರಿದು ಕುಸಿದಿದೆ ಎಂದು ಹೇಳಿ ಕೇಳಿದರು: “ಅಮ್ಮ, ಬಿದ್ರಾ? ಏನಾದ್ರೂ ಪೆಟ್ಟು?”

ನಾನು ಬಾಯಿ ತೆರೆಯುವಷ್ಟರಲ್ಲಿ ನೀಲಾ ಹೇಳಿದಳು: “ಸೈಕ್ಲು ಡಾಕ್ಟ್ರಮ್ಮ. ನಾಲೆ ಏರಿ ಮೇಲೆ ಓಡುಸ್ತಾರೆ. ಇಂದೆ ಸ್ಪ್ರಿಂಗೇ ಇಲ್ದೇ ಇರೋ ಸೈಕ್ಲು.”

ಸ್ಪ್ರಿಂಗಿನ ವಿಷಯ ಅವಳಿಗೆ ಹೇಳಿದ್ದವಳು ನಾನೇ, ಹೆಮ್ಮೆಯಿಂದ.

ಡಾಕ್ಟರು ನನ್ನನ್ನು ನೋಡಿದರು. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಅವರು ಬರೆದುಕೊಂಡರು. “ಸಿಕ್ಸ್ಟಿ ಸಿಕ್ಸಲ್ಲಿ ಟ್ರೇಲ್ ರೈಡಿಂಗಾ? ವೆರಿ ಬ್ರೇವ್. ಇನ್ನು ಸೈಕಲ್ ಬೇಡಮ್ಮ. ನೆವರ್.”

ನೀಲಾಳನ್ನು ಕಾಪಾಡುವುದಕ್ಕೆ ಸುಮ್ಮನಿದ್ದೆ ಎಂದರೆ ಅರ್ಧ ಮಾತ್ರ ನಿಜ. ಅವಳಣ್ಣ ಪಕ್ಕದಲ್ಲೇ ನಿಂತಿದ್ದರು, ಆ ಕಾಲಿನ ಹೆಸರು ಅವರ ಮುಂದೆ ಎತ್ತಬಾರದು ಎನಿಸಿದ್ದು ಹೌದು. ಇನ್ನರ್ಧ ನನ್ನ ನಾಚಿಕೆ. ಇಂಗ್ಲಿಷ್ ಮೇಡಂ ಚಾಪೆಯ ಮೇಲೆ ಬೋರಲು ಮಲಗಿ ಒದೆಸಿಕೊಂಡಳು ಎಂದು ಆ ಫೈಲಿನಲ್ಲಿ ಇಂಗ್ಲಿಷಿನಲ್ಲಿ ಬರೆಸುವುದು ನನ್ನಿಂದಾಗಲಿಲ್ಲ.

ಆಮೇಲಿನ ಮೂರು ತಿಂಗಳನ್ನು ಕುತ್ತಿಗೆಯಿಂದ ಸೊಂಟದವರೆಗೆ ಬೆಲ್ಟಿನೊಳಗೆ ಕಳೆದೆ. ಮಗ್ಗುಲು ಬದಲಾಯಿಸುವುದು ಒಂದು ಪ್ರಯಾಣ. ಕೆಮ್ಮು ಬರುತ್ತದೆ ಎಂದು ಗೊತ್ತಾದ ಕೂಡಲೇ ಮಂಚದ ಕಂಬಿ ಹಿಡಿದುಕೊಳ್ಳುತ್ತಿದ್ದೆ. ದಿನಾ ಹೊಟ್ಟೆಗೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಪೆನ್ನು ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇರುತ್ತಿತ್ತು. ಚುಚ್ಚುತ್ತಿದ್ದವಳು ನೀಲಾ. ಹೌದು, ಅವಳೇ. ನರಸೀಪುರದ ಮನೆಗೆ ಬೀಗ ಹಾಕಿ ಬಂದು ನಮ್ಮ ಮನೆಯಲ್ಲಿ ಉಳಿದಳು. ತಲೆಗೆ ನೀರು ಹಾಕಿದಳು, ಕಾಲಿನ ಉಗುರು ತೆಗೆದಳು, ನನ್ನಿಂದ ಹೇಳಿಸಿಕೊಳ್ಳದೆ ಬೆಡ್‌ಪ್ಯಾನ್ ಇಟ್ಟಳು. ಅಷ್ಟು ಒಳ್ಳೆಯ ಕೈ ಯಾವ ನರ್ಸಿನದ್ದೂ ಅಲ್ಲ. ಅವಳೇ, ನೋಡಲು ಬಂದವರಿಗೆಲ್ಲ ಸೈಕಲ್ಲಿನ ಕಥೆ ಹೇಳುತ್ತಿದ್ದಳು. ದಿನದಿಂದ ದಿನಕ್ಕೆ ಆ ಕಥೆ ಬೆಳೆಯಿತು. ಒಂದು ವಾರ ಕಳೆದ ಮೇಲೆ ಅದರಲ್ಲಿ ಒಂದು ಹಳ್ಳ ಬಂತು. ತಿಂಗಳಾದ ಮೇಲೆ ನಾನು ಹಾರಿ ಬಿದ್ದಿದ್ದೆ.

ನಮ್ಮ ಬೀದಿಯವರೆಲ್ಲ ಸಸ್ಪೆನ್ಷನ್ ಎಕ್ಸ್‌ಪರ್ಟ್ ಆದರು. ಸೈಕಲ್ ಬಿಟ್ಟು ನಲವತ್ತು ವರ್ಷವಾದವರು ಕೂಡ ನನ್ನ ಮಂಚದ ಪಕ್ಕ ಕೂತು, “ಡಬಲ್ ಸ್ಪ್ರಿಂಗಿಂದು ತಗೋಬೇಕಿತ್ತು ಕಣ್ರೀ ಮೇಡಂ” ಎಂದು ಹೋದರು. ಯಜಮಾನರು ಬಂದವರ ಮುಂದೆ, “ನಾನು ಅವತ್ತೇ ಹೇಳ್ದೆ, ಎರಡು ಸ್ಪ್ರಿಂಗಿಂದು ತಗೋ ಅಂತ. ಎಲ್ಲಿ ಕೇಳ್ತಾಳೆ?” ಎಂದರು. ಸುಳ್ಳು ಹೇಳುತ್ತಿದ್ದರೆಂದು ನನಗೀಗ ಅನ್ನಿಸುವುದಿಲ್ಲ, ಅವರಿಗೆ ಹಾಗೇ ನೆನಪಿತ್ತು. ನಾನು ಸೂರು ನೋಡುತ್ತಾ ಮಲಗಿದ್ದೆ.

ಎರಡನೆಯ ತಿಂಗಳಿನಲ್ಲಿ ಸೈಕಲ್ ಮನೆಯಲ್ಲಿರಬಾರದು ಎಂದು ನೀಲಾ ಹಟ ಹಿಡಿದಳು. ಯಜಮಾನರು ಹೆಮ್ಮರಗಾಲದ, ಡೈರಿಗೆ ಹಾಲು ಹಾಕುವ ಪರಿಚಯದವರೊಬ್ಬರನ್ನು ಕರೆಸಿದರು. ಮಂಚದಿಂದ ಅಂಗಳ ಕಾಣುತ್ತಿತ್ತು. ಅವರು ಸೈಕಲ್ಲನ್ನು ಹಿಂದೆ ಮುಂದೆ ಅದುಮಿ ನೋಡಿ, ಹಿಂದಿನ ಫ್ರೇಮನ್ನು ತಟ್ಟಿದರು.

“ಇಂದ್ಗಡೆ ಗಟ್ಟಿ ಅದೆ ಕಣ್ ಸಾ. ಕ್ಯಾರಿಯರ್ ಆಕ್ಸುದ್ರೆ ಎಲ್ಡ್ ಕ್ಯಾನ್ ಆರಾಮಾಗ್ ಕಟ್ಬೋದು. ಅಲ್ಲಾಡೋ ಅಂತದ್ದಾಗಿದ್ರೆ ನಂಗ್ ಬ್ಯಾಡ್ವಾಗಿತ್ತು.”

ಬಂದುಹೋದವರಲ್ಲಿ ನನ್ನ ಆಯ್ಕೆಯನ್ನು ಸರಿ ಎಂದವರು ಅವರೊಬ್ಬರೇ. ಅವರೇ ಅದನ್ನು ತಳ್ಳಿಕೊಂಡು ಹೋದರು.

ಹನ್ನೊಂದು ತಿಂಗಳಾದ ಮೇಲೆ ದೊಡ್ಡ ರಿವ್ಯೂ. ಅಷ್ಟರಲ್ಲಿ ನಾನು ನಡೆಯುತ್ತಿದ್ದೆ, ಬಗ್ಗದೆ ಕಸ ಗುಡಿಸುವುದನ್ನು ಕಲಿತಿದ್ದೆ. ಯಜಮಾನರಿಗೆ ಮಂಡಿ ನೋವು, ನೀಲಾ ಜೊತೆಗೆ ಬಂದಳು. ವೆಯ್ಟಿಂಗ್ ರೂಮಿನಲ್ಲಿ ನನ್ನ ಬೆನ್ನ ಹಿಂದೆ ತನ್ನ ಶಾಲು ಮಡಿಸಿಟ್ಟಳು. ಡಾಕ್ಟರು ರಿಪೋರ್ಟ್ ನೋಡಿ ಸಂತೋಷಪಟ್ಟರು. ನಾನು ಕೇಳಿಯೇಬಿಟ್ಟೆ: “ಡಾಕ್ಟರ್, ಸೈಕಲ್?”

ಅವರು ಫೈಲಿನ ಮೊದಲ ಹಾಳೆ ತಿರುವಿದರು. “ಅದರಿಂದಲೇ ಅಲ್ವೇನಮ್ಮ ಆಗಿದ್ದು? ಹೌ ಕ್ಯಾನ್ ಐ ಸೇ ಯೆಸ್?”

“ಅದರಿಂದ ಅಲ್ಲ” ಎಂದೆ.

ಪಕ್ಕದ ಕುರ್ಚಿಯಲ್ಲಿ ನೀಲಾ ಇದ್ದಳು. ನಾನು ಡಾಕ್ಟರನ್ನು ಮಾತ್ರ ನೋಡುತ್ತಾ, ಇಂಗ್ಲಿಷಿನಲ್ಲಿ ಹೇಳಿದೆ. ಇಂಗ್ಲಿಷಿನಲ್ಲಿ ಹೇಳಿದರೆ ಅವಳಿಗೆ ನೋವು ಕಡಿಮೆ ಎಂದುಕೊಂಡೆನೋ ಏನೋ. ಕಿಕ್ ಎಂಬ ಮಾತು ಯಾರಿಗೆ ಗೊತ್ತಿಲ್ಲ?

ಡಾಕ್ಟರು ನಗಲಿಲ್ಲ, ಬೈಯಲಿಲ್ಲ. ಫೈಲು ಮುಚ್ಚಿ, ನಮ್ಮಿಬ್ಬರಿಗೂ ಕೇಳುವ ಹಾಗೆ ಕನ್ನಡದಲ್ಲೇ ಹೇಳಿದರು: “ನೋಡಿ, ಆ ಮೂಳೆ ಅಷ್ಟು ವೀಕ್ ಇತ್ತು. ಸೀನಿದ್ರೂ ಹೋಗ್ತಿತ್ತು. ಮೂರು ವಾರ ನೋವಿತ್ತು ಅಂತೀರಿ, ಮೊದಲೇ ಬಿರುಕು ಬಿಟ್ಟಿತ್ತೋ ಏನೋ. ಇಂಥದ್ದರಿಂದಲೇ ಅಂತ ಯಾರೂ ಹೇಳಕ್ಕಾಗಲ್ಲ. ಆದ್ರೆ ನನಗೆ ಅವತ್ತೇ ಹೇಳ್ಬೇಕಿತ್ತು. ಮತ್ತೆ, ಪ್ಲೀಸ್, ಯಾರ ಬೆನ್ನನ್ನೂ ಯಾರೂ ಒದೀಬಾರ್ದು.” ಕೊನೆಯ ಮಾತು ಹೇಳುವಾಗ ಅವರು ನೀಲಾಳ ಕಡೆ ನೋಡಲಿಲ್ಲ. ಒಳ್ಳೆಯ ಹುಡುಗಿ.

ಸೈಕಲ್ಲಿಗೆ ಒಪ್ಪಿಗೆ ಸಿಕ್ಕಿತು, ಷರತ್ತುಗಳ ಮೇಲೆ. ಎರಡು ತಿಂಗಳು ಎಕ್ಸರ್‌ಸೈಜ್. ಆಮೇಲೆ ಹಿಂದೆ ಶಾಕ್ ಇರುವ ಸೈಕಲ್, ಸೀಟು ತಗ್ಗಿಸಿ, ಎರಡೂ ಪಾದ ನೆಲಕ್ಕೆ ಎಟುಕುವಂತೆ. ಕಲ್ಲು ಇಲ್ಲದ ದಾರಿ. ಬೀಳುವ ಹಾಗಿಲ್ಲ.

ನಂಜನಗೂಡಿನ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತೆವು. ಕಡಕೊಳ ದಾಟಿದ ಮೇಲೆ ನೀಲಾ ಕಿಟಕಿಯ ಕಡೆ ನೋಡಿಕೊಂಡೇ ಹೇಳಿದಳು.

“ಆಸ್ಪತ್ರೇಲಿ ಬಿದ್ದಿದ್ದಾಗ ನಿಜ ಏಳ್ನಿಲ್ಲ. ಸಾಯೋ ಅಂಗೆ ನೋಯ್ತಿದ್ದಾಗ ಏಳ್ನಿಲ್ಲ. ಒಂದು ಸೈಕ್ಲು ಬೇಕು ಅಂದಾಗ ಏಳ್ಬುಟ್ರಿ.”

“ನೀನ್ಯಾಕೆ ಸುಳ್ಳು ಹೇಳ್ದೆ ನೀಲಾ?”

“ನಮ್ಮಣ್ಣ ಅಲ್ಲೇ ನಿಂತಿತ್ತಲ್ಲ ಅತ್ಗೆ.”

ಸೈಕಲ್ಲಿಗಾಗಿ ಹೇಳಿದ್ದು ನಿಜ. ಸತ್ಯಕ್ಕಾಗಿ ಹೇಳುವುದಾಗಿದ್ದರೆ ಅದಕ್ಕೆ ಹನ್ನೊಂದು ತಿಂಗಳು ಸಮಯವಿತ್ತು.

ಮನೆಗೆ ಬಂದ ಕೂಡಲೇ, ನಾನು ತಡೆಯುವಷ್ಟರಲ್ಲಿ, ಅವಳೇ ಅಣ್ಣನ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಸೀನಿದರೂ ಮುರಿಯುತ್ತಿತ್ತು ಎಂದು ಡಾಕ್ಟರು ಹೇಳಿದ ಮಾತನ್ನು ಮಾತ್ರ ಹೇಳಲಿಲ್ಲ. ಅದನ್ನು ನಾನು ಹೇಳಿದೆ, ಅವರು ಕೇಳಿಸಿಕೊಳ್ಳಲಿಲ್ಲ. ಪೇಪರ್ ಮಡಿಸಿ ಪಕ್ಕಕ್ಕಿಟ್ಟು, ಬಹಳ ಮೆಲ್ಲಗೆ, “ಅವ್ವಂಗೂ ಅದೇ ಕಾಲು” ಎಂದರು.

ಅರವತ್ತೆರಡು ವರ್ಷದ ಹೆಂಗಸು. ಬಾಗಿಲ ಹತ್ತಿರ ಚಿಕ್ಕ ಮಗುವಿನ ಹಾಗೆ ನಿಂತಿದ್ದಳು. ನಾನು ಕೂಗಾಡಬೇಕಿತ್ತು, ತಟ್ಟೆ ಎಸೆಯಬೇಕಿತ್ತು. “ರೀ” ಎಂದೆ, ಅಷ್ಟೇ. ನೀಲಾ ತನ್ನ ಸೀರೆಗಳನ್ನು ಬ್ಯಾಗಿಗೆ ತುಂಬಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದಳು. ಅಂದಿನಿಂದ ಇಂಜೆಕ್ಷನ್ ನಾನೇ ಚುಚ್ಚಿಕೊಳ್ಳುತ್ತೇನೆ.

ಅಂಗಡಿಯ ಶಿಷ್ಯ ಈ ಸಲ ಏನನ್ನೂ ವಿವರಿಸಲಿಲ್ಲ. ಫುಲ್ ಸಸ್ಪೆನ್ಷನ್ ತಂದು ನಿಲ್ಲಿಸಿ, ಸೀಟು ತಗ್ಗಿಸಿ, ಹಿಂದಿನ ಶಾಕ್ ನನ್ನ ತೂಕಕ್ಕೆ ಹೊಂದಿಸಿಕೊಟ್ಟ. ಅದು ಒಳ್ಳೆಯ ಸೈಕಲ್ಲು, ಅನ್ಯಾಯವಾಗಿ ಮಾತಾಡಬಾರದು. ನನ್ನ ಹಾಗೆ ಬೆನ್ನು ಹೋದವರು ಯೋಚಿಸದೆ ಅದನ್ನೇ ತೆಗೆದುಕೊಳ್ಳಿ. ಹಳ್ಳ ಬಂದರೆ ತಾನೇ ನುಂಗಿಕೊಳ್ಳುತ್ತದೆ, ನನಗೆ ಸುದ್ದಿ ಬರುವುದೇ ಇಲ್ಲ. ನಾಲೆ ಏರಿಯ ಕಲ್ಲಿಲ್ಲದ ತುಂಡಿನಲ್ಲಿ ಮೊದಲ ದಿನ ಹೋದಾಗ ದಾರಿ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಮೈಗೆ ತಿಳಿಯಲಿಲ್ಲ. ತೂಬಿನ ಹತ್ತಿರ ಅದನ್ನು ಎತ್ತಲಾರೆ. ಯಾರಾದರೂ ಬರಲಿ ಎಂದು ಕಾಯುತ್ತೇನೆ. ಹಾರ್ಡ್‌ಟೇಲೇ ಸರಿ ಎಂದು ಇಂದಿಗೂ ನನ್ನ ಅಭಿಪ್ರಾಯ. ಆದರೆ ಈ ಬೆನ್ನು ನನ್ನ ಅಭಿಪ್ರಾಯ ಕೇಳುವುದಿಲ್ಲ.

ಕಳೆದ ಭಾನುವಾರ ಮೊದಲ ಸಲ ನರಸೀಪುರದವರೆಗೆ ಹೋದೆ, ಹೆಚ್ಚು ಭಾಗ ಟಾರ್ ರಸ್ತೆಯಲ್ಲೇ. ನೀಲಾಳ ಜಗಲಿಯ ಮೇಲೆ ಮೂಗೂರಿನ ಕಡೆಯ ರೈತರೊಬ್ಬರು ಸೊಂಟ ಹಿಡಿದುಕೊಂಡು ಕೂತಿದ್ದರು. ಅವಳು ಬಾಗಿಲಲ್ಲಿ ನಿಂತಿದ್ದಳು.

“ಬುಟ್ಬುಟ್ಟೆ ಕಣಣ್ಣ. ಈಗ ಮಾಡಲ್ಲ.”

“ಅಂಗನ್ಬ್ಯಾಡಿ ಅವ್ವೋ. ಮೂರ್ ದಿನದಿಂದ ಗದ್ದೆಗೆ ಓಗಿಲ್ಲ. ಒಂದೇ ಒಂದ್ಸಲ ಕಾಲ್ ಮುಟ್ಸಿ.”

ನಾನು ಸೈಕಲ್ಲಿನಿಂದ ಇಳಿಯುತ್ತಿದ್ದೆ. ನೀಲಾ ನನ್ನನ್ನು ನೋಡಿದಳು, ಸೈಕಲ್ಲನ್ನು ನೋಡಿದಳು.

“ಇವ್ರು ಓದಿರೋರು. ಇವ್ರನ್ನೇ ಕೇಳು. ಏಳಿ ಅತ್ಗೆ, ಒದೀಲಾ, ಬ್ಯಾಡ್ವಾ?”

ಆ ರೈತರೂ ನನ್ನನ್ನು ನೋಡಿದರು. ಅವರಿಗೆ ಐವತ್ತೂ ಆಗಿರಲಿಲ್ಲ. ಬರೀ ಉಳುಕೇ ಇದ್ದಿರಬಹುದು. ನಲವತ್ತೇಳು ವರ್ಷ ಅವಳ ಕಾಲು ಎಷ್ಟೋ ಜನರನ್ನು ಎಬ್ಬಿಸಿ ಕಳಿಸಿತ್ತು, ಅದೂ ನಿಜ.

“ಮೊದಲು ಎಕ್ಸ್‌ರೇ ತೆಗೆಸಿ” ಎಂದೆ. “ಆಸ್ಪತ್ರೆಗೆ ಹೋಗಿ.”

ಅವರು ಎದ್ದು, ಟವಲ್ಲಿನಲ್ಲಿ ಸುತ್ತಿ ತಂದಿದ್ದ ಎಲೆ ಅಡಿಕೆಯನ್ನು ಹಾಗೆಯೇ ಎತ್ತಿಕೊಂಡು, ಒಂದು ಕಡೆಗೆ ವಾಲಿಕೊಂಡು ಹೊರಟುಹೋದರು. ನನ್ನ ಉತ್ತರ ಸರಿಯಾಗಿತ್ತು. ಯಾರಾದರೂ ಕೇಳಿದರೆ ಇನ್ನೂ ನೂರು ಸಲ ಅದನ್ನೇ ಹೇಳುತ್ತೇನೆ. ನೀವೂ ಅದನ್ನೇ ಹೇಳಿ.

ನೀಲಾ ಒಳಗೆ ಹೋಗಿ ಕಾಫಿ ತಂದು ಜಗಲಿಯ ಮೇಲಿಟ್ಟಳು. ಒಳಗೆ ಬನ್ನಿ ಎನ್ನಲಿಲ್ಲ. ಬೆನ್ನು ಹೇಗಿದೆ ಎಂದು ಕೇಳಿದಳು, ಪರವಾಗಿಲ್ಲ ಎಂದೆ. ಲೋಟ ಖಾಲಿಯಾಗುವವರೆಗೂ ಕಂಬಕ್ಕೆ ಒರಗಿ ನಿಂತಿದ್ದಳು. ನಾನು ಹೆಲ್ಮೆಟ್ ಹಾಕಿಕೊಂಡು ಹೊರಟಾಗ, ಹೊರಗಿನವರೊಂದಿಗೆ ಆಡುವ ದನಿಯಲ್ಲಿ ಹೇಳಿದಳು:

“ಇನ್ಮೇಲೆ ಬರ್ವಾಗ ಒಂದು ಫೋನ್ ಮಾಡ್ಬುಟ್ ಬನ್ನಿ ಅತ್ಗೆ.”

ಆಗಲಿ ಎಂದೆ. ಮದುವೆಯಾಗಿ ಬಂದಾಗಿನಿಂದ ಆ ಮನೆಗೆ ನಾನು ಯಾವತ್ತೂ ಮೊದಲೇ ಹೇಳಿ ಹೋದವಳಲ್ಲ.